ಅತ್ತೆ ಮಾವನನ್ನು ಊರಿಗೆ ಕರೆದುಕೊಂಡು ಹೋದದ್ದು

ಮಾವ ತೀರಿಕೊಂಡ ಮೇಲೆ ಅತ್ತೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯ ಮುಂಬಾಗಿಲು ತೆರೆದಿಡಲು ಶುರುಮಾಡಿದರು. ಚೆನ್ನೈಯ ಈ ಶೋಳಿಂಗನಲ್ಲೂರಿನಲ್ಲಿ ಆ ಹೊತ್ತಿಗೆ ಯಾರೂ ಬಾಗಿಲು ತೆರೆಯುವುದಿಲ್ಲ. ಕಾಲುವೆಯ ಕಡೆಯಿಂದ ಸೊಳ್ಳೆಗಳು ಹಿಂಡುಗಟ್ಟಿ ಬರುತ್ತವೆ. ಲಕ್ಷ್ಮಿ ಬರಲಿ ಎಂದು ತೆರೆದಿಡುತ್ತಿರಬೇಕು ಅಂದುಕೊಂಡು ನಾನು ಸುಮ್ಮನಿದ್ದೆ. ಮೈಸೂರಿನಲ್ಲಿ ನಮ್ಮಮ್ಮನೂ ಹಾಗೇ ಮಾಡುತ್ತಿದ್ದಳು.

ಒಂದು ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಬಾಗಿಲ ಹತ್ತಿರ ಅಜ್ಜಿಯ ಪಕ್ಕ ಕೂತಿದ್ದ ನನ್ನ ಮಗಳು ಕೇಳಿದ್ದು ಕಿವಿಗೆ ಬಿತ್ತು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಬಾಯಿ ತೆರೆದರೆ ತಮಿಳೇ ಬರುತ್ತದೆ.

“ಅಜ್ಜಿ, ತಾತಾ ಇನ್ನುಂ ವರಲಿಯಾ?”

ತಾತ ಇನ್ನೂ ಬರಲಿಲ್ಲವಾ ಅಂತ.

“ಬತ್ತಾರೆ ಕೂಸೇ. ದಾರಿ ಗೊತ್ತಾಗ್ಬೇಕಲ್ಲ ಅವ್ರಿಗೆ,” ಅಂದರು ಅತ್ತೆ. ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ.

ಒಲೆಯ ಮೇಲಿನ ಹಾಲು ಉಕ್ಕಿ ಉರಿ ಆರಿದ್ದೂ ನನಗೆ ತಿಳಿಯಲಿಲ್ಲ.

ಅತ್ತೆಯ ಊರು ಕೊಳ್ಳೇಗಾಲದ ಆಚೆ, ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿದೆ. ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗಿನಿಂದ ರೇಷ್ಮೆ ಹುಳ ಸಾಕಿದವರು. ಮನೆಯ ಹಿಂದೆ ಹುಳದ ಮನೆ, ಅದರ ಹಿಂದೆ ಹಿಪ್ಪುನೇರಳೆ ಹೊಲ. ಹುಳ ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವವರೆಗೆ ಅವರಿಗೆ ಹಬ್ಬವೂ ಇಲ್ಲ, ನೆಂಟರ ಮದುವೆಯೂ ಇಲ್ಲ. ಹುಳ ಪೊರೆ ಬಿಡುವುದಕ್ಕೆ ಅವರ ಕಡೆ ಜ್ವರ ಬರುವುದು ಎನ್ನುತ್ತಾರೆ. ಕೊನೆಯ ಜ್ವರ ಬಿಟ್ಟ ಮೇಲೆ ಹುಳಗಳು ಬಿಡುವಿಲ್ಲದೆ ಮೇಯುತ್ತವೆ. ಮದುವೆಯಾದ ಹೊಸತರಲ್ಲಿ ಅತ್ತೆ ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಬಾಯಿಯ ಮೇಲೆ ಬೆರಳಿಟ್ಟು, ಆ ಸದ್ದು ಕೇಳಿಸಿದ್ದರು. ಒಣಗಿದ ಎಲೆಗಳ ಮೇಲೆ ಯಾರೋ ಬಹಳ ಮೆಲ್ಲಗೆ, ನಿಲ್ಲದೆ ನಡೆಯುತ್ತಿರುವಂತಿತ್ತು.

ಹುಳಕ್ಕೆ ಯಾವ ವಾಸನೆಯೂ ಆಗುವುದಿಲ್ಲ. ಒಗ್ಗರಣೆಯ ಘಾಟು, ಊದಿನಕಡ್ಡಿ, ಬೀಡಿ, ಏನೂ. ಮಾವ ಬೀಡಿ ಸೇದುತ್ತಿದ್ದರು. ಅದಕ್ಕೇ ಅವರು ಹುಳದ ಮನೆಯೊಳಗೆ ಬರುವ ಹಾಗಿರಲಿಲ್ಲ. ಸೊಪ್ಪಿನ ಹೊರೆ ತಂದು ಹೊರಗೆ ಇಳಿಸಿ, ಬಾಗಿಲ ಹತ್ತಿರ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅತ್ತೆ ಕೈ ಹೊರಗೆ ಚಾಚಿ ಹೊರೆ ಎಳೆದುಕೊಳ್ಳುತ್ತಿದ್ದರು. ಅತ್ತೆ ಗಂಡನ ಹೆಸರು ಹೇಳುವವರಲ್ಲ, ಮಾವ ಹೆಂಡತಿಯನ್ನು ಹೆಸರು ಹಿಡಿದು ಕೂಗುವವರಲ್ಲ. ಆ ಗಂಟಲಿನ ಸದ್ದೇ ಕರೆಯುವುದು, ಆ ಚಾಚಿದ ಕೈಯೇ ಓಗೊಡುವುದು. ಸೋಮವಾರ ಇಬ್ಬರೂ ಒಪ್ಪೊತ್ತು. ಅಮಾವಾಸ್ಯೆಗೆ ಬೆಟ್ಟ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಅಮಾವಾಸ್ಯೆ ಬಂದರೆ ಮಾವ ಒಬ್ಬರೇ ಬೆಟ್ಟಕ್ಕೆ ಹೋಗಿ ಬರುತ್ತಿದ್ದರು. ಅತ್ತೆ ಹೊಲದ ಬದುವಿನಲ್ಲಿ ನಿಂತು ಬೆಟ್ಟದ ದಿಕ್ಕಿಗೆ ಕೈಮುಗಿದು ಮತ್ತೆ ಹುಳದ ಮನೆಗೆ ನುಗ್ಗುತ್ತಿದ್ದರು.

ಅವರಿಗೆ ಇಬ್ಬರು ಗಂಡುಮಕ್ಕಳು. ನನ್ನ ಭಾವ ಊರಿನಲ್ಲೇ ಹೆಂಡತಿ ಮಕ್ಕಳೊಂದಿಗೆ ಹೊಲ ನೋಡಿಕೊಂಡಿದ್ದಾರೆ. ನನ್ನ ಗಂಡ ಚೆನ್ನೈಯ ಗಿಂಡಿಯಲ್ಲಿ ಒಂದು ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ನಾನು ಮನೆಯ ಹತ್ತಿರದ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಕೊರೊನಾ ಬಂದ ವರ್ಷ ಶಿವರಾತ್ರಿ ಜಾತ್ರೆ ಮುಗಿಸಿಕೊಂಡು ಅತ್ತೆ ಮಾವ ಮೊಮ್ಮಗಳನ್ನು ನೋಡಲು ಬಂದರು. ಯುಗಾದಿಗೆ ಮೊದಲೇ ವಾಪಸು ಹೋಗಬೇಕೆಂದಿದ್ದರು. ಅಷ್ಟರಲ್ಲಿ ಲಾಕ್‌ಡೌನ್ ಆಯಿತು.

ಲಾಕ್‌ಡೌನಿಗೆ ಮುಂಚೆ ನಡೆದ ಒಂದು ಸಂಗತಿ ಇಲ್ಲಿ ಹೇಳಬೇಕು. ಬಂದ ಮಾರನೆಯ ದಿನ ಮಾವ ಬೀಡಿ ತರಲು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಮಧ್ಯಾಹ್ನ ಒಬ್ಬ ಆಟೋದವನು ಅವರನ್ನು ಕೂರಿಸಿಕೊಂಡು ಬೀದಿ ಬೀದಿ ಸುತ್ತಿ, ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆಯನ್ನು ಮಾವ ಗುರುತು ಹಿಡಿದ ಮೇಲೆ ಇಳಿಸಿ ಹೋದ. ಒಂದೇ ಥರದ ಕಟ್ಟಡಗಳು, ಒಂದೇ ಥರದ ಗೇಟುಗಳು. ಬೀದಿಯ ಹೆಸರು ಗೊತ್ತಿಲ್ಲ, ಕೇಳಲು ಭಾಷೆ ಇಲ್ಲ. ಒಳಗೆ ಬಂದ ಮಾವ ನೀರು ಕುಡಿದು ಗೋಡೆಗೆ ಒರಗಿ ಕೂತರು.

“ಇಲ್ಲಿ ಕಳ್ದೋದ್ರೆ ಯಾರ್ನೂ ಕೇಳಂಗಿಲ್ಲ ಕನವ್ವ,” ಎಂದರು ನನ್ನ ಮುಖ ನೋಡಿ. ಅಷ್ಟು ದೊಡ್ಡ ಆಳು ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಅವರು ಒಬ್ಬರೇ ಮೆಟ್ಟಿಲಿಳಿಯಲಿಲ್ಲ.

ಕಾಯಿಲೆ ಮನೆಯಲ್ಲಿ ಮೊದಲು ಯಾರಿಗೆ ಬಂತೋ ತಿಳಿಯದು. ಎಲ್ಲರಿಗೂ ಮೈಬಿಸಿ ಬಂದು ಹೋಯಿತು. ಮಾವನಿಗೆ ಮಾತ್ರ ಉಸಿರು ಕಟ್ಟಿತು. ಎಲ್ಲೂ ಹಾಸಿಗೆ ಸಿಗದೆ, ಕೊನೆಗೆ ಸಿಕ್ಕಿದ್ದು ನಗರದ ಉತ್ತರದ ತುದಿಯ ಒಂದು ಆಸ್ಪತ್ರೆಯಲ್ಲಿ. ಆಂಬುಲೆನ್ಸಿನವರು ಮೈತುಂಬ ಬಿಳಿ ಬಟ್ಟೆ ತೊಟ್ಟು ಬಂದರು. ಮಾವ ತಾವೇ ನಡೆದು ಮೆಟ್ಟಿಲಿಳಿದರು. ಗೇಟಿನ ಹತ್ತಿರ ತಿರುಗಿ ಮೇಲೆ ನೋಡಿದರು. ಅತ್ತೆ ಕಿಟಕಿಯಿಂದ ಕೈಯಾಡಿಸಿದರು. ಮಾವನಿಗೆ ಯಾವ ಕಿಟಕಿ ಎಂದು ತಿಳಿಯಲಿಲ್ಲ. ಬೇರೆ ಯಾವುದೋ ಮಹಡಿಯ ಕಡೆ ನೋಡುತ್ತಲೇ ಹತ್ತಿಕೊಂಡರು.

ಅವರು ಹೋದ ಸುದ್ದಿ ಫೋನಿನಲ್ಲಿ ಬಂತು. ಊರಿಗೆ ಒಯ್ಯುವ ಮಾತೇ ಇರಲಿಲ್ಲ, ಗಡಿ ಮುಚ್ಚಿತ್ತು. ಗಂಡ ಒಬ್ಬನೇ ಪಾಸು ಮಾಡಿಸಿಕೊಂಡು ಆಸ್ಪತ್ರೆಯಿದ್ದ ತಿರುವೊಟ್ಟಿಯೂರಿನ ಕಡೆಗೆ ಹೋದ. ಅವರ ಮನೆತನದಲ್ಲಿ ಸುಡುವ ಪದ್ಧತಿಯಿಲ್ಲ. ಹೊಲದ ಮೂಲೆಯಲ್ಲಿ ಹಿರೀಕರನ್ನು ಮಣ್ಣು ಮಾಡಿದ ಜಾಗವಿದೆ, ಮಾವನ ಅಪ್ಪ ಅವ್ವ ಅಲ್ಲೇ ಇದ್ದಾರೆ. ಮಾವನನ್ನು ವಿದ್ಯುತ್ ಚಿತಾಗಾರಕ್ಕೆ ಕೊಟ್ಟರು. ಗಂಡ ಬೂದಿ ಸಮುದ್ರಕ್ಕೆ ಬಿಟ್ಟು ಬಂದು, ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಟವೆಲ್ಲಿನಲ್ಲೇ ಹೊರಗೆ ಬಂದ.

ಅತ್ತೆ ಕೇಳಿದ್ದು ಎರಡೇ ಮಾತು. “ಮೊಕ ನೋಡ್ದಾ ಮಗ?”

“ನೋಡ್ದೆ ಅವ್ವ.”

“ಎಂಗಿದ್ರು?”

“ಮಲ್ಗಿದ್ದಂಗೆ ಇದ್ರು.”

ಅತ್ತೆ ಅವನನ್ನು ಬಹಳ ಹೊತ್ತು ನೋಡಿದರು. ಬಳೆ ತೆಗೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಊರಿನಿಂದ ಫೋನಿನಲ್ಲಿ ಅವರ ಓರಗಿತ್ತಿಯರು ಅಳುತ್ತ ಏನೇನೋ ಹೇಳಿದರು. “ನಾನು ಕಾಣ್ದೆ ಇರೋದ ಎಂಗೆ ನಂಬ್ಲಿ?” ಅಂದು ಫೋನು ನನ್ನ ಕೈಗೆ ಕೊಟ್ಟರು.

ಗಡಿ ತೆರೆದ ಮೇಲೆ ಭಾವ ಜೀಪು ಮಾಡಿಕೊಂಡು ಬಂದರು. ಅತ್ತೆ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು, ಮಾದಪ್ಪನ ಪಟವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕೆಳಗಿಳಿದರು. ಮೊಮ್ಮಗಳಿಗೆ ಮುತ್ತಿಟ್ಟರು. ಜೀಪಿನ ಬಾಗಿಲಿಗೆ ಕೈಹಾಕಿದವರು ಹಾಗೇ ನಿಂತರು. ಆಮೇಲೆ ಗೇಟಿನ ಕಟ್ಟೆಯ ಮೇಲೆ ಕೂತುಬಿಟ್ಟರು.

“ಏಳವ್ವ, ಒತ್ತಾಯ್ತದೆ,” ಅಂದರು ಭಾವ.

“ನಾನು ಬರಕಿಲ್ಲ. ಅವ್ರು ಇಲ್ಲೇ ಅವ್ರೆ.”

“ಯಾರು?”

“ನಿಮ್ಮಪ್ಪ. ಊರು ಗೊತ್ತಿಲ್ಲ, ಮಾತು ಗೊತ್ತಿಲ್ಲ. ಅವ್ರ್ನ ಒಬ್ರನ್ನೇ ಬುಟ್ಟು ನಾನು ಎಂಗೆ ಬರ್ಲಿ?”

ಭಾವ ಮೊದಲು ಸಮಾಧಾನ ಹೇಳಿದರು, ಆಮೇಲೆ ರೇಗಿದರು, ಕೊನೆಗೆ ಅತ್ತರು. ಅತ್ತೆ ಅಲುಗಲಿಲ್ಲ. ಜೀಪು ಖಾಲಿ ಹೋಯಿತು. ಊರಿನಲ್ಲಿ ತಿಥಿ ಮಾಡಿದಾಗಲೂ ಅವರು ಹೋಗಲಿಲ್ಲ.

ಹೀಗೆ ಅವರು ನಮ್ಮ ಜೊತೆ ಉಳಿದರು. ಆದರೆ ಅವರು ಸುಮ್ಮನೆ ಕೂರುವ ಜೀವವಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಪಿಳ್ಳೈಯಾರ್ ಗುಡಿ, ಅಂದರೆ ಗಣಪನ ಗುಡಿ ಇದೆ, ಅದರ ಪಕ್ಕ ಒಬ್ಬ ಹೂವಿನಮ್ಮ ಗೋಣಿಚೀಲ ಹಾಸಿಕೊಂಡು ಕೂರುತ್ತಾಳೆ. ಒಂದು ಬೆಳಿಗ್ಗೆ ಅತ್ತೆ ಅವಳ ಮುಂದೆ ಕೂತು, ಕೇಳದೆಯೇ ಮಲ್ಲಿಗೆ ಮೊಗ್ಗು ಎತ್ತಿಕೊಂಡು ಕಟ್ಟಲು ಶುರುಮಾಡಿದರಂತೆ. ಹಣ್ಣಾದ ಹುಳವನ್ನು ಎರಡು ಬೆರಳಲ್ಲಿ ನೋಯಿಸದೆ ಎತ್ತಿ ಅಭ್ಯಾಸವಾದ ಕೈ, ಮೊಗ್ಗು ನಲುಗುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ದಿನಾ ಬೆಳಿಗ್ಗೆ ಅವರಿಬ್ಬರೂ ಎದುರುಬದುರು ಕೂತು ಹೂ ಕಟ್ಟುವುದು ಬೀದಿಗೆಲ್ಲ ರೂಢಿಯಾಯಿತು. ಇವರು ಕನ್ನಡ, ಅವಳು ತಮಿಳು. ಹೇಗೆ ಮಾತಾಡಿಕೊಳ್ಳುತ್ತಿದ್ದರೋ, ಒಬ್ಬರ ಮನೆಯ ಕಥೆ ಇನ್ನೊಬ್ಬರಿಗೆ ಪೂರ್ತಿ ಗೊತ್ತಿತ್ತು.

ಹೂವಿನಮ್ಮ ಒಮ್ಮೆ ನನ್ನನ್ನೇ ಹತ್ತಿರ ಕರೆದು ಕೇಳಿದಳು. “ನಿಜಮಾವೇ ಅವರುಕ್ಕಾಗತ್ತಾನ್ ಇಂಗೇ ಇರುಕ್ಕಾಂಗಳಾ?” ನಿಜವಾಗಿಯೂ ಸತ್ತ ಗಂಡನಿಗಾಗಿಯೇ ಇಲ್ಲಿದ್ದಾರಾ ಎಂದು. ನಾನು ಹೌದೆಂದೆ. ಅವಳು ಅತ್ತೆಯ ಕಡೆ ತಿರುಗಿ, “ಸೆತ್ತವಂಗಳುಕ್ಕು ಬಾಷೈ ಎದುಕ್ಕು ಅಕ್ಕಾ?” ಎಂದಳು. ಸತ್ತವರಿಗೆ ಭಾಷೆ ಯಾತಕ್ಕೆ.

ಅತ್ತೆಗೆ ಅಷ್ಟು ತಮಿಳು ಅರ್ಥವಾಯಿತು. “ಬೇರೆಯವ್ರಿಗೆ ಬೇಡ್ವೇನೋ. ನಮ್ಮವ್ರು ದಾರಿ ಕೇಳ್ದೆ ಒಂದೆಜ್ಜೆ ಇಡೋರಲ್ಲ,” ಎಂದರು.

ತಮಿಳು ಕಲಿಸಿದವಳು ನನ್ನ ಮಗಳು. ಮಧ್ಯಾಹ್ನ ಶಾಲೆಯಿಂದ ಬಂದು ಊಟ ಮಾಡುತ್ತ ಅಜ್ಜಿಗೆ ಪಾಠ. “ಬಸ್ ಸ್ಟ್ಯಾಂಡುಕ್ಕು ಎಪ್ಪಡಿ ಪೋಗಣುಂ?” ಬಸ್ ಸ್ಟ್ಯಾಂಡಿಗೆ ಹೇಗೆ ಹೋಗಬೇಕು. ಅತ್ತೆ ಅದನ್ನೇ ಹಿಂದಕ್ಕೆ ಹೇಳುತ್ತಿದ್ದರು. ಸಂಜೆ ಬಾಗಿಲ ಹತ್ತಿರ ಕೂತಾಗ ಅದೇ ಮಾತುಗಳನ್ನು ಇನ್ನೊಂದು ಸಲ, ನಿಧಾನವಾಗಿ, ಹೊರಗಿನ ಕತ್ತಲೆಗೆ ಹೇಳುತ್ತಿದ್ದರು. ಯಾರಿಗೋ ಬಾಯಿಪಾಠ ಮಾಡಿಸುವಂತೆ. ನಾನು ಗಂಡನಿಗೆ ಹೇಳಿದರೆ ಅವನು ಟಿವಿ ಸದ್ದು ಹೆಚ್ಚಿಸಿದ.

ಮೆಟ್ರೊ ತಿರುವೊಟ್ಟಿಯೂರಿನವರೆಗೆ ಓಡಲು ಶುರುವಾದ ಮೇಲೆ, ರಜಾದಿನಗಳಲ್ಲಿ ಅತ್ತೆ ನನ್ನನ್ನು ಹೊರಡಿಸುತ್ತಿದ್ದರು. ಶೋಳಿಂಗನಲ್ಲೂರಿನಿಂದ ಬಸ್ಸಿನಲ್ಲಿ ಗಿಂಡಿ, ಅಲ್ಲಿಂದ ಒಂದೇ ರೈಲು. ತಿರುವೊಟ್ಟಿಯೂರಿನ ದೊಡ್ಡ ಗುಡಿಯಲ್ಲಿ ಶಿವನಿಗೆ ಕೈಮುಗಿದು, “ಮಾದೇವ, ನೀನು ಇಲ್ಲೂ ಇದ್ದೀಯ, ಅವ್ರ ಮೇಲೆ ಒಂದು ಕಣ್ಣಿಟ್ಟಿರು,” ಎಂದು ಗಟ್ಟಿಯಾಗಿಯೇ ಬೇಡಿಕೊಳ್ಳುತ್ತಿದ್ದರು. ಆಮೇಲೆ ಸಮುದ್ರ. ಅಲ್ಲಿ ಮರಳು ಕಡಿಮೆ, ಅಲೆ ಊರೊಳಗೆ ಬಾರದಂತೆ ಕರಿಕಲ್ಲು ಸುರಿದಿದ್ದಾರೆ. ಒಂದು ಕಡೆ ಮೀನಿನ ದೋಣಿಗಳು, ಇನ್ನೊಂದು ಕಡೆ ದೂರದಲ್ಲಿ ಕಾರ್ಖಾನೆಯ ಹೊಗೆ. ಕಲ್ಲಿನ ಮೇಲೆ ಕೂತು ಅತ್ತೆ ಎಲ್ಲ ಕಡೆ ಕಣ್ಣಾಡಿಸುತ್ತಿದ್ದರು. ಬಸ್ ನಿಲ್ದಾಣದಲ್ಲಿ ನೆಂಟರನ್ನು ಹುಡುಕುವವರು ನೋಡುವ ಹಾಗೆ, ಒಬ್ಬೊಬ್ಬರ ಮುಖವನ್ನೂ.

ಒಂದು ದಿನ ವಾಪಸು ರೈಲಿನಲ್ಲಿ ಅವರು ಪಕ್ಕದ ಸೀಟಿನ ಮೇಲೆ ತಮ್ಮ ಕೈಚೀಲ ಇಟ್ಟುಕೊಂಡಿದ್ದರು. ಜನ ತುಂಬಿತ್ತು. ಒಬ್ಬಳು ಹುಡುಗಿ ಬಂದು ಚೀಲ ತೆಗೆಯುವಂತೆ ಸನ್ನೆ ಮಾಡಿದಳು. ಅತ್ತೆ ನನ್ನ ಮುಖ ನೋಡಿದರು. ನಾನೇ ಎದ್ದು ಅವಳಿಗೆ ಜಾಗ ಕೊಟ್ಟೆ.

ನಾನು ಇಂಥದ್ದನ್ನೆಲ್ಲ ನಂಬಿದವಳಲ್ಲ. ಆದರೂ ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದೆ. ಮನೆ ನಿಶ್ಶಬ್ದವಾಗಿತ್ತು. ಮುಚ್ಚಿದ ಮುಂಬಾಗಿಲ ಆಚೆ ಯಾರೋ ಗಂಟಲು ಸರಿಮಾಡಿಕೊಂಡರು. ಎರಡು ಸಲ, ನಡುವೆ ಸ್ವಲ್ಪ ಬಿಟ್ಟು. ಹುಳದ ಮನೆಯ ಹೊರಗೆ ನಿಂತು ಮಾವ ಮಾಡುತ್ತಿದ್ದುದು ಹಾಗೆಯೇ. ನಾನು ಯೋಚಿಸುವ ಮೊದಲೇ ಎದ್ದು ಹೋಗಿ ಬಾಗಿಲು ತೆರೆದಿದ್ದೆ. ಮೆಟ್ಟಿಲ ಬಳಿ ಯಾರೂ ಇರಲಿಲ್ಲ. ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಅರ್ಧ ಕಟ್ಟಿದ ಹೂವು.

“ನಿಂಗೂ ಕೇಳ್ತಾ?” ಎಂದರು. ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಮಾವ ಹೋದ ಮೇಲೆ ನೋಡಿರಲಿಲ್ಲ.

“ಪಕ್ಕದ ಮನೆಯವ್ರು ಇರ್ಬೇಕು ಅತ್ತೆ.”

ಪಕ್ಕದ ಮನೆ ಆ ಬೇಸಿಗೆಯಿಂದ ಖಾಲಿಯಿತ್ತು. ಅದು ಅವರಿಗೂ ಗೊತ್ತಿತ್ತು. ಅವರು ಹೂ ಕಟ್ಟುತ್ತ ಒಳಗೆ ಹೋದರು. ನಾನು ಪೆನ್ನು ಹಿಡಿದು ಕೂತೆ, ಒಂದು ಲೆಕ್ಕವನ್ನೂ ತಿದ್ದಲಾಗಲಿಲ್ಲ. ಅಂದಿನಿಂದ ಸಂಜೆ ಬಾಗಿಲು ತೆರೆದಾಗ ನಾನು ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಎಲ್ಲ ಬದಲಾದದ್ದು ಮಗಳಿಂದ. ಅವಳಿಗೆ ಆಗ ಎಂಟು ತುಂಬುತ್ತಿತ್ತು. ಒಂದು ಸಂಜೆ ಕೆಳಗೆ ಆಡುತ್ತಿದ್ದವಳು ಮೇಲೆ ಬಂದು, ಚಪ್ಪಲಿ ಬಿಡುತ್ತ, ಬಹಳ ಸಾಧಾರಣವಾಗಿ ಹೇಳಿದಳು. ತಾತ ಕೆಳಗಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾರೆ, ಅವರಿಗೆ ಯಾವ ಮಹಡಿ ಎಂದು ಗೊತ್ತಾಗುತ್ತಿಲ್ಲ, ತಾನು ಕೈಹಿಡಿದು ಕರೆದರೂ ಏಳಲಿಲ್ಲ ಎಂದು. ಎಲ್ಲ ತಮಿಳಿನಲ್ಲಿ. “ಕೈ ರೊಂಬ ಜಿಲ್ಲುನ್ನು ಇರುಕ್ಕು,” ಎಂದಳು. ಕೈ ತುಂಬ ತಣ್ಣಗಿದೆಯಂತೆ.

ಅಂದು ಗಂಡ ಮನೆಯಲ್ಲಿದ್ದ. ಅವನು ತಾಯಿಯ ಮೇಲೆ ಕೂಗಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ನೋಡವ್ವ, ಮಗೀನ್ ತಲೇಲಿ ಏನ್ ತುಂಬಿದ್ದೀಯ ಅಂತ! ಅಪ್ಪ ಸತ್ತವ್ರೆ! ಸತ್ತು ಬೂದಿ ಆಗವ್ರೆ!”

ಮಗಳು ಅಳತೊಡಗಿದಳು. ನಾನು ಅವಳನ್ನು ಎತ್ತಿಕೊಂಡು ಕೋಣೆಗೆ ಹೋದೆ. ಮೈ ಮುಟ್ಟಿದರೆ ಬಿಸಿ. ಮಾರನೆಯ ದಿನ ಡಾಕ್ಟರು ಸಾಮಾನ್ಯ ಜ್ವರ ಎಂದರು. ಮೂರು ದಿನಕ್ಕೆ ಬಿಟ್ಟಿತು. ಆ ಮೂರು ದಿನವೂ ಅತ್ತೆ ಅವಳ ಹಾಸಿಗೆಯ ಪಕ್ಕದಿಂದ ಏಳಲಿಲ್ಲ, ಮುಂಬಾಗಿಲು ತೆರೆಯಲಿಲ್ಲ, ಹೂ ಕಟ್ಟಲು ಹೋಗಲಿಲ್ಲ. ಮಗಳು ಎದ್ದು ಇಡ್ಲಿ ತಿಂದ ಬೆಳಿಗ್ಗೆ ನನ್ನ ಹತ್ತಿರ ಬಂದರು.

“ಅವ್ರು ನನ್ನ ಸುತ್ತ ಇರ್ಲಿ, ನಾನು ತಡೀತೀನಿ. ಕೂಸಿನ ಕೈ ಇಡೀಬಾರ್ದು,” ಎಂದರು. “ಅವ್ರ್ನ ಊರಿಗೆ ಕರ್ಕೊಂಡೋಗಿ ಬುಟ್ಬುಡವ. ನಿನ್ ಗಂಡುಂಗೆ ಯೋಳು, ಬಾಡ್ಗೆ ಕಾರ್ ತಕ್ಕೊಳ್ಲಿ.”

ಹೇಗೆ ಹೋಗಬೇಕೆಂದು ಅವರೇ ಯೋಚಿಸಿಟ್ಟಿದ್ದರು. ಮೊದಲು ತಿರುವೊಟ್ಟಿಯೂರಿನ ಸಮುದ್ರ, ಅಲ್ಲಿಂದ ನೇರವಾಗಿ ಊರು. ನಡುವೆ ನಮ್ಮ ಮನೆಗೆ ಬರಕೂಡದು. ಬಂದರೆ ಮಾವ ಮತ್ತೆ ಇಲ್ಲೇ ಕೂತುಬಿಡುತ್ತಾರೆ. ದಾರಿ ಬೆಂಗಳೂರಿನ ಮೇಲಲ್ಲ. ಮೇಟೂರು, ಪಾಲಾರ್ ಮೇಲೆ, ಮಾದಪ್ಪನ ಬೆಟ್ಟ ಹತ್ತಿ ಇಳಿಯಬೇಕು. ಗಂಡ ಎದುರು ಮಾತಾಡಲಿಲ್ಲ. ಮಗಳು ಜ್ವರದಲ್ಲಿ ಮಲಗಿದ್ದ ಆ ಮೂರು ದಿನ ಅವನನ್ನೂ ಮೆತ್ತಗೆ ಮಾಡಿತ್ತು.

ಪಿತೃಪಕ್ಷದ ಒಂದು ದಿನ ಬೆಳಗಾಗುವ ಹೊತ್ತಿಗೆ ನಾವು ನಾಲ್ವರು ಆ ಕರಿಕಲ್ಲುಗಳ ಮೇಲಿದ್ದೆವು. ಹಿಂದಿನ ದಿನ ಹೂವಿನಮ್ಮ ಕಟ್ಟಿಕೊಟ್ಟಿದ್ದ ಸೇವಂತಿಗೆ ಹಾರ ಅತ್ತೆಯ ಕೈಯಲ್ಲಿತ್ತು.

“ಎಲ್ಲಿ ಬುಟ್ಟೆ ಮಗ?” ಎಂದರು.

ಗಂಡ ನೀರಿನ ಕಡೆ ಕೈತೋರಿಸಲು ಹೋಗಿ ಅರ್ಧಕ್ಕೇ ಇಳಿಸಿದ. ಕಲ್ಲಿನ ಮೇಲೆ ಕುಕ್ಕರಿಸಿದ.

“ಅವ್ವ, ನಾನು ಮೊಕ ನೋಡ್ಲಿಲ್ಲ ಕಣವ್ವ. ಪೂರ್ತಿ ಸುತ್ಬುಟ್ಟಿದ್ರು. ಅಂಗೇ ಎಷ್ಟೋ ಜನ ಇದ್ರು. ಅಲ್ಲಿ ಕೆಲಸ ಮಾಡೋರು ಒಂದೊಂದೇ ಹೆಸ್ರು ಕೂಗಿದ್ರು. ಅಪ್ಪನ ಹೆಸ್ರು ಬಂದಾಗ ನಾನು ದೂರದಿಂದ ಕೈ ಎತ್ತಿದೆ. ಅಷ್ಟೇ ಕಣವ್ವ ನಾನು ಮಾಡಿದ್ದು. ಅವ್ರು ಕೊಟ್ಟ ಬೂದಿ ಅಪ್ಪುಂದೋ ಬೇರೆಯವ್ರದೋ…”

ನಾನು ಇಷ್ಟು ವರ್ಷ ಅವನ ಜೊತೆ ಬಾಳಿದ್ದೆ, ನನಗೂ ಇದು ಗೊತ್ತಿರಲಿಲ್ಲ. ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟರು.

“ನಂಗೊತ್ತಿತ್ತು. ನೋಡಿದ್ರೆ ನೀನು ಅವತ್ತು ಅಳ್ತಿದ್ದೆ.” ಸ್ವಲ್ಪ ಹೊತ್ತು ಬಿಟ್ಟು ಅಂದರು, “ಬೇರೆಯವ್ರದ್ದೇ ಆಗಿರ್ಲಿ ಬುಡು. ಯಾರ ಮನೆ ದೀಪ್ವೋ, ನೀರು ಕಾಣಿಸಿದ್ದೀಯ. ಅದೂ ಮಗ ಮಾಡೋ ಕೆಲಸ್ವೆ.”

ಹಾರವನ್ನು ನೀರಿಗೆ ಬಿಟ್ಟು ಅವರು ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಮಾವನ ಹೆಸರು ಹಿಡಿದು ಕೂಗಿದರು.

ಅವರ ಬಾಯಲ್ಲಿ ಆ ಹೆಸರನ್ನು ನಾನಾಗಲಿ, ಅವರ ಮಗನಾಗಲಿ ಎಂದೂ ಕೇಳಿರಲಿಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವಂಥ ದನಿ. ಬಲೆ ಬಿಡಿಸುತ್ತಿದ್ದವರು ತಲೆಯೆತ್ತಿದರು. ಮತ್ತೆ ಕೂಗಿದರು, ಬಲಕ್ಕೆ ತಿರುಗಿ, ಎಡಕ್ಕೆ ತಿರುಗಿ. ದನಿ ಒಡೆಯಿತು, ಆದರೂ ಕೂಗಿದರು. ಮಗಳು ನನ್ನ ಬೆರಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕೊನೆಗೆ ಅತ್ತೆ ಸುಮ್ಮನಾಗಿ, ಯಾರೋ ಕಲ್ಲು ಹತ್ತಿ ಬರುವುದನ್ನು ಕಾಯುವಂತೆ ಕೆಳಗೆ ನೋಡುತ್ತ ನಿಂತರು.

“ಬನ್ನಿ. ಊರಿಗೆ ಓಗವ,” ಎಂದರು. ಬಗ್ಗಿ ಕಲ್ಲುಗಳ ಸಂದಿನಿಂದ ಒಂದು ಹಿಡಿ ಮರಳು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡರು.

ಕಾರಿನಲ್ಲಿ ಹಿಂದಿನ ಸೀಟಿನ ಒಂದು ಕಿಟಕಿಯ ಪಕ್ಕದ ಜಾಗ ಖಾಲಿ ಬಿಟ್ಟೆವು. ಯಾರೂ ಹೇಳಬೇಕಾಗಲಿಲ್ಲ. ಅತ್ತೆ ನಡುವೆ, ಮಗಳು ಆಚೆಗೆ. ಚೆನ್ನೈ ದಾಟಿದ ಮೇಲೆ ಅತ್ತೆ ಹೇಳುತ್ತ ಬಂದರು. “ಇದು ಕಂಚಿ. ಇದು ವೇಲೂರು, ಕೋಟೆ ಅದೆ ನೋಡಿ. ಇದು ಆಂಬೂರು.” ಓದಲು ಬಾರದು, ಹಲಗೆಗಳನ್ನು ಮಗಳು ಓದಿ ಹೇಳುತ್ತಿದ್ದಳು, ಅವರು ಕಿಟಕಿಯ ಕಡೆ ತಿರುಗಿ ಅದನ್ನೇ ಹೇಳುತ್ತಿದ್ದರು. ಕೃಷ್ಣಗಿರಿಯಲ್ಲಿ ಊಟಕ್ಕೆ ನಿಂತಾಗ ಅವರು ಇಳಿಯಲಿಲ್ಲ. ಧರ್ಮಪುರಿ ದಾಟಿತು, ಮೇಟೂರು ಅಣೆಕಟ್ಟಿನ ನೀರು ಕಂಡಿತು. ಕೊಳತ್ತೂರಿನ ಆಚೆ ಕಾಡು ಶುರುವಾಯಿತು. ಗಂಡ ಒಮ್ಮೆಯೂ ಹಿಂದಕ್ಕೆ ನೋಡುವ ಕನ್ನಡಿಯ ಕಡೆ ಕಣ್ಣು ಹಾಯಿಸಲಿಲ್ಲ. ನಾನು ನೋಡಿದೆ. ಖಾಲಿ ಸೀಟು, ಅದರ ಮೇಲೆ ಬಿಸಿಲು. ಅಷ್ಟೇ.

ಪಾಲಾರ್ ಸೇತುವೆ ದಾಟಿದ ಕೂಡಲೇ ಕನ್ನಡದ ಹಲಗೆ ಬಂತು. ಅತ್ತೆ ಕಾರು ನಿಲ್ಲಿಸಲು ಹೇಳಿದರು. ಇಳಿದು ಹೋಗಿ ಖಾಲಿ ಸೀಟಿನ ಕಡೆಯ ಬಾಗಿಲನ್ನು ತೆರೆದರು.

“ಇನ್ನು ನಿಮ್ಗೆ ಗೊತ್ತಲ್ಲ ದಾರಿ,” ಎಂದರು. “ಬೆಟ್ಟಕ್ಕೆ ಓಗಿ ಕೈಮುಗ್ದು ಬನ್ನಿ. ನಾವು ಮುಂದೋಗಿರ್ತೀವಿ.”

ಬಾಗಿಲು ಮುಚ್ಚಿ ಬಂದು ಕೂತರು. ಬೆಟ್ಟದ ಮೇಲೆ “ಉಘೇ ಮಾದಪ್ಪ” ಎನ್ನುತ್ತ ಸಾಗುತ್ತಿದ್ದ ಜನರ ನಡುವೆ ಕಾರು ನಿಧಾನವಾಗಿ ಹೋಯಿತು. ಅತ್ತೆ ಕೈಮುಗಿದರು, ಗುಡಿಯ ಹತ್ತಿರ ಇಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಹೊಲದ ಮೂಲೆಯಲ್ಲಿ, ಮಾವನ ತಂದೆ ತಾಯಿಯ ಪಕ್ಕ, ಭಾವ ಗುಂಡಿ ತೋಡಿದ್ದರು. ಅತ್ತೆ ಸೆರಗು ಬಿಚ್ಚಿ ಮರಳನ್ನು ಸುರಿದರು. ಅದರ ಮೇಲೆ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು, ವೀಳ್ಯ. ಮಕ್ಕಳಿಬ್ಬರೂ ಮಣ್ಣೆಳೆದರು. ಮಣ್ಣು ಮುಚ್ಚಿದ ಮೇಲೆ ಅತ್ತೆ ಬದುವಿನ ಕಲ್ಲಿಗೆ ಕೈ ಕುಟ್ಟಿ ತಾವೇ ಬಳೆ ಒಡೆದುಕೊಂಡರು. ಓರಗಿತ್ತಿಯರು ಹೋ ಎಂದು ಅತ್ತರು. ಅತ್ತೆ ಅಂದು ಅಳಲಿಲ್ಲ. ಗಾಜು ತಾಗಿ ರಕ್ತ ಬಂದ ಜಾಗಕ್ಕೆ ಸೊಪ್ಪಿನ ರಸ ಹಿಂಡಿಕೊಂಡರು.

ಅವರು ನಮ್ಮ ಜೊತೆ ವಾಪಸು ಬರುತ್ತಾರೆಂದು ಮಗಳು ಅಂದುಕೊಂಡಿದ್ದಳು. ಆದರೆ ಭಾವನ ಹೆಂಡತಿಗೆ ಬೆನ್ನುನೋವು, ಹುಳ ಎರಡನೆಯ ಜ್ವರದಲ್ಲಿತ್ತು. ಅತ್ತೆ ಸ್ನಾನ ಮಾಡಿ, ಮಡಿಸೀರೆ ಉಟ್ಟು ಹುಳದ ಮನೆಗೆ ಹೋದರು. ಮತ್ತೆ ಆ ಕೆಲಸ ಬಿಡಲಿಲ್ಲ. ಚೆನ್ನೈಗೆ ಬರಲೂ ಇಲ್ಲ. ಹೂವಿನಮ್ಮ ನನ್ನನ್ನು ಕಂಡಾಗಲೆಲ್ಲ “ಅಕ್ಕಾ ಎಪ್ಪೋ ವರುವಾಂಗ?” ಎನ್ನುತ್ತಾಳೆ, ಅಕ್ಕ ಯಾವಾಗ ಬರುತ್ತಾರೆಂದು. ಮಗಳು ತಾತನ ಮಾತು ಮತ್ತೆ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಈಗ ಯಾವ ಸದ್ದೂ ಇಲ್ಲ.

ಕಳೆದ ತಿಂಗಳು ಫೋನಿನಲ್ಲಿ ಅದೂ ಇದೂ ಮಾತಾಡಿದ ಮೇಲೆ ಕೇಳಿಯೇಬಿಟ್ಟೆ. “ಅತ್ತೆ, ಮಾವ ಅಲ್ಲಿ ಇದಾರಾ?”

ಆ ಕಡೆ ಅತ್ತೆ ಬಾಗಿಲು ಮುಂದೆ ಮಾಡಿದ್ದು ಕೇಳಿಸಿತು.

“ಇಲ್ಲ ಕನವ್ವ. ಬಂದಾಗಿಂದ ಒಂದಿನ್ವೂ ಬರ್ಲಿಲ್ಲ. ಬಾಗ್ಲತ್ರ ಕಿವಿ ಕೊಟ್ಕೊಂಡು ಕೂತಿರ್ತೀನಿ, ಒಂದ್ ಸಲ ಗಂಟ್ಲು ಸರಿ ಮಾಡ್ಕೊಳ್ಲಿ ಅಂತ. ಅಲ್ಲಿ ದಾರಿ ಗೊತ್ತಿರ್ನಿಲ್ಲ, ಅದ್ಕೆ ನನ್ನ ಜೊತೇಲಿದ್ರು. ಇಲ್ಲಿ ಎಲ್ಲಾ ದಾರಿನೂ ಗೊತ್ತು. ಒಂಟೋದ್ರು.”

ಅತ್ತೆ ಮೂಗು ಸೆಳೆದುಕೊಂಡದ್ದು ಕೇಳಿಸಿತು.

“ನಿಮ್ಮನೇಗೆ ಬರ್ಲಾ ಅಂತ ಒಂದೊಂದ್ ಸಲ ಅನ್ನಿಸ್ತದೆ. ಅಲ್ಲಿಗೆ ಬಂದ್ರೆ ಬತ್ತಾರೇನೋ ಅಂತ. ಆಮ್ಯಾಕೆ ಕೂಸು ಗ್ಯಾಪ್ನಕ್ಕೆ ಬತ್ತದೆ, ಬೇಡ ಅನ್ಕತ್ತೀನಿ.”

ಅಷ್ಟರಲ್ಲಿ ಅವರ ಹಿಂದೆ ಭಾವನ ಹೆಂಡತಿ ಏನೋ ಕೂಗಿದರು. ಸೊಪ್ಪು ಹಾಕುವ ಹೊತ್ತಾಯಿತು, ಹುಳ ಹಸಿದು ತಲೆಯೆತ್ತುತ್ತಿವೆ, ಮಡಗ್ತೀನಿ ಎಂದು ಹೇಳಿ ಅತ್ತೆ ಫೋನು ಇಟ್ಟರು.